ಬರೇ ಎಲಿ

ನರಗುಂದದ ಸಂತೆಯಲ್ಲಿ ಮುಖ ಬೆಳ್ಳಗಾಗಿಸುವ ಎಲೆಪುಡಿ ಮಾರುತ್ತಿದ್ದ ಆ ಹೆಂಗಸು, ಪುಡಿಯನ್ನು ಕಲಸಿ ಹಚ್ಚುವ ಮೊದಲು ತನ್ನ ಬಲಗೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತಿದ್ದಳು. “ಬರೇ ಎಲಿ ಐತವ್ವಾ, ಏನೂ ಆಗಂಗಿಲ್ಲ” ಎಂಬುದು ಅವಳ ನಿತ್ಯದ ಮಾತು. ಯಾವ ಎಲೆಯೆಂದು ಕೇಳಿದರೆ ಗುಡ್ಡದ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು.

ಗಜೇಂದ್ರಗಡದಿಂದ ಗಂಡಿನವರು ನೋಡಲು ಬರುವವರಿದ್ದರೆಂದು ನನ್ನ ಅಕ್ಕ ಅದನ್ನು ಹಚ್ಚಿಸಿಕೊಂಡಳು.

“ಬರೇ ಎಲಿ ಅಂದ್ರ ಕೈಗೆ ಚೀಲ ಯಾಕ್ರಿ?” ಎಂದು ಅಕ್ಕ ಕೇಳಿದ್ದಳು.

“ಕೈ ಹಸರ ಆಗತೈತಿ. ಮನ್ಯಾಗ ರೊಟ್ಟಿ ಬಡೀಬೇಕಲ್ಲ?” ಎಂದು ಆಕೆ ನಕ್ಕಿದ್ದಳು.

ಅಕ್ಕನ ಮುಖ ಹಸಿರಾಗಲಿಲ್ಲ. ಗುಳ್ಳೆಯೆದ್ದು ಕೆನ್ನೆಯ ಚರ್ಮ ಸುಲಿಯಿತು. ಅಪ್ಪ ಎಸ್‌ಟಿಡಿ ಬೂತಿಗೆ ಹೋಗಿ ಗಂಡಿನವರಿಗೆ ಬರಬೇಡಿರೆಂದು ಹೇಳಬೇಕಾಯಿತು.

ಮುಂದಿನ ಸಂತೆಯಲ್ಲಿ ಅಕ್ಕನನ್ನು ಅವಳೆದುರು ನಿಲ್ಲಿಸಿ ಉತ್ತರ ಕೇಳಿದೆ.

“ಇಕಿ ಚರ್ಮಕ್ಕ ಎಲಿ ಒಗ್ಗಿಲ್ಲ” ಎಂದಳು. ಅಂದರೆ ಅಕ್ಕನ ಚರ್ಮವೇ ಅಪರಾಧಿ!

“ಹಂಗಾದ್ರ ನಿಮ್ಮ ಗಲ್ಲಕ್ಕ ಹಚ್ಚಿ ತೋರಸ್ರಿ” ಎಂದೆ.

“ನಂದೇನ ಇನ್ನ ಮದುವಿ ಆಗಬೇಕೇನವಾ?”

ಸುತ್ತಲಿನವರು ನಕ್ಕರು. ಅಕ್ಕ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಆ ಹೆಂಗಸು ಮತ್ತೊಬ್ಬ ಹುಡುಗಿಯನ್ನು ಕೂರಿಸಿಕೊಂಡು ಕೈಗೆ ಚೀಲ ಸುತ್ತತೊಡಗಿದಳು. ನಾನು ಆ ಚೀಲವನ್ನು ಕಿತ್ತುಕೊಂಡೆ.

“ಬರೇ ಎಲಿ ಐತಲ್ಲ, ಬರಿಗೈಲೆ ಕಲಸ್ರಿ.”

ಅವಳು ಕಲಸಲಿಲ್ಲ.