ಐದನೇ ಫೌಲ್

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆ ವರ್ಷ ಲಗ್ಗೆರೆಯಿಂದ ಬರುತ್ತಿದ್ದ, ವಿಜಯಪುರದ ಕಡೆಯ ಹುಡುಗಿಯೊಬ್ಬಳಿದ್ದಳು. ಫೌಲ್ ಮಾಡಿದವರು ಕೈಯೆತ್ತಿ ಒಪ್ಪಿಕೊಳ್ಳಬೇಕೆಂದು ಕೋಚ್ ಹೇಳಿದ್ದನ್ನು ನಿಜವಾಗಿ ಪಾಲಿಸಿದವಳು ಅವಳೊಬ್ಬಳೇ. ಅಭ್ಯಾಸದಲ್ಲೂ ಯಾರಿಗಾದರೂ ಮೊಣಕೈ ತಾಗಿದರೆ ಸಾಕು, ಕೈ ಮೇಲೆ ಹೋಗುತ್ತಿತ್ತು: “ನಂದ ತಪ್ಪರೀ ಸರ.”

“ಸುಮ್ನಿರೇ, ಸಾರ್ ಇನ್ನೂ ವಿಸಿಲ್ಲೇ ಊದಿಲ್ಲ ಕಣೇ” ಎಂದು ಕ್ಯಾಪ್ಟನ್ ಆಗಿದ್ದ ನಾನು ಎಲ್ಲರನ್ನೂ ನಗಿಸುತ್ತಿದ್ದೆ.

ಫೈನಲ್‌ನ ಕೊನೆಯ ನಿಮಿಷ. ನಮ್ಮಿಬ್ಬರಿಗೂ ಆಗಲೇ ನಾಲ್ಕು ಫೌಲ್ ಆಗಿದ್ದವು. ಐದಾದರೆ ಆಟದಿಂದ ಹೊರಗೆ. ಎದುರಾಳಿಯ ಕೈಗೆ ಹೊಡೆದವಳು ನಾನು. ವಿಸಿಲ್ ಊದಿದ ರೆಫರಿ, ಯಾರೆಂದು ತಿಳಿಯದೆ, ನಮ್ಮಿಬ್ಬರನ್ನೂ ನೋಡಿದರು. ನಾನು ಅವಳ ಕಡೆ ತಿರುಗಿದೆ. ಅಷ್ಟೇ ಮಾಡಿದ್ದು ನಾನು. ಅವಳ ಕೈ ಮೇಲೆ ಹೋಯಿತು.

ಪೀಣ್ಯದ ಕಾರ್ಖಾನೆಗೆ ರಜೆ ಹಾಕಿ, ಮೊದಲ ಸಲ ಮಗಳ ಆಟ ನೋಡಲು ಬಂದಿದ್ದ ಅಪ್ಪನ ಎದುರೇ ಅವಳು ನಡೆದುಹೋಗಿ ಬೆಂಚಿನಲ್ಲಿ ಕೂತಳು.

ನಾವು ಗೆದ್ದೆವು. “ಯಾಕೆ ಕೈ ಎತ್ದೆ?” ಎಂದು ಅವಳನ್ನೇ ಕೇಳಿದೆ.

“ನಾನೂ ಅಲ್ಲೇ ಇದ್ನಲ್ರಿ ಅಕ್ಕಾ, ನಂದೂ ಕೈ ತಾಗಿರಬೇಕ್ರಿ.”

ಆಮೇಲೆ ಫೋಟೊಗೆ ಕಪ್ ಎತ್ತಿ ಹಿಡಿಯಲು ಕರೆದರು. ಆಗ ಮಾತ್ರ ನನ್ನ ಕೈ ತಡಮಾಡದೆ ಮೇಲೆ ಹೋಯಿತು.