ಅತ್ತೆಯ ವಾಕಿಟಾಕಿ, ಭಾವನ ಬಂಡೆ

ಅಕ್ಕನ ಮದುವೆಯ ಬೀಗರ ಊಟ ನಡೆದದ್ದು ಮಾರ್ಕೋನಹಳ್ಳಿ ಜಲಾಶಯದ ಕೆಳಗಿರುವ ನಮ್ಮ ಸೋದರತ್ತೆಯ ತೆಂಗಿನ ತೋಟದಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕು ಹತ್ತಬೇಕು. ಅಡುಗೆ ಚಪ್ಪರ ಈ ತುದಿಗೆ, ಊಟದ ಶಾಮಿಯಾನ ಆ ತುದಿಗೆ. ಅತ್ತೆಯ ಗಂಟಲಿಗೆ ಅದೇನೂ ದೂರವಲ್ಲ. ಆದರೂ ಗುಬ್ಬಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗ ಆನ್‌ಲೈನಿನಲ್ಲಿ ತರಿಸಿದ ಒಂದು ಜೊತೆ ವಾಕಿಟಾಕಿ ತಂದ. ಒಂದು ಅತ್ತೆಗೆ, ಒಂದು ಬಡಿಸುವವರಿಗೆ.

"ಎಲ್ಲಾ ಚಾನೆಲ್ಲೂ ಗೊರಗೊರ ಅಂತವೆ ಕಣೋ. ಇದೊಂದು ಸೈಲೆಂಟಾಗೈತೆ, ಯಾರೂ ಇಲ್ಲ," ಎಂದು ತಿರುಗಿಸಿಕೊಟ್ಟ. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಖಾಲಿ ಸೈಟು ಕಂಡರೆ ಯಾರದೆಂದು ಕೇಳದೆ ಶಾಮಿಯಾನ ಹಾಕಿಬಿಡುತ್ತಾರೆ. ಅವನೂ ಹಾಗೇ ಮಾಡಿದ್ದ. ಕಾಲೇಜಿನಲ್ಲಿ ತರಂಗಾಂತರದ ಬಗ್ಗೆ ಪರೀಕ್ಷೆ ಬರೆದು ಬಂದ ನನಗೂ ಕೇಳಬೇಕೆನಿಸಲಿಲ್ಲ.

ಮಾತಾಡಬೇಕೆಂದರೆ ಗುಂಡಿ ಒತ್ತಿ ಹಿಡಿಯಬೇಕು. "ಮುದ್ದೆ ಕಟ್ಟೋ ಕೈಲಿ ಇದನ್ನ ಒತ್ಕಂಡ್ ಕೂತ್ಕಳಕ್ಕಾಯ್ತದೇನ್ಲಾ?" ಎಂದ ಅತ್ತೆ, ವೀಳ್ಯದೆಲೆ ಕಟ್ಟಿನ ರಬ್ಬರ್ ಬ್ಯಾಂಡ್ ಕಿತ್ತು ಗುಂಡಿಯ ಮೇಲೆ ಬಿಗಿದು, ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒತ್ತಿದ ಗುಂಡಿ ಬಿಡುವವರೆಗೂ ಆ ಸೆಟ್ಟು ಮಾತಾಡುತ್ತಲೇ ಇರುತ್ತದೆ, ಅದಕ್ಕೆ ಬೇರೆಯವರ ಮಾತು ಕೇಳಿಸುವುದಿಲ್ಲ. ಅತ್ತೆಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಅವರು ಹೇಳುವವರೇ ಹೊರತು ಕೇಳುವವರಲ್ಲ.

ಮೊದಲ ಪಂಕ್ತಿ ಕೂರುವ ಹೊತ್ತಿಗೆ ಹೊಸ ಭಾವ ಹೊಳೆ ನೋಡಬೇಕೆಂದರು. ಕರೆದುಕೊಂಡು ಹೋದೆ. ಜಲಾಶಯ ತುಂಬುವ ಮಟ್ಟಕ್ಕೆ ಬಂದಿದ್ದರಿಂದ ದಡದಲ್ಲಿ ಅಗ್ನಿಶಾಮಕ ದಳದ ಜೀಪು ನಿಂತಿತ್ತು. ಇಲ್ಲಿ ಗೇಟಿನ ಬದಲಿಗಿರುವ ಸೈಫನ್‌ಗಳನ್ನು ಯಾರೂ ತೆರೆಯಬೇಕಿಲ್ಲ, ಮಟ್ಟ ಮುಟ್ಟಿದರೆ ಅವೇ ನೀರು ಬಿಟ್ಟುಬಿಡುತ್ತವೆ. ಇದನ್ನು ನಾನು ಭಾವನಿಗೆ ಹೇಳುತ್ತಿರುವಾಗಲೇ ಅವರು ಹೊಳೆಯ ನಡುವಿನ ಬಂಡೆಯ ಮೇಲಿದ್ದರು.

"ರೀ, ಈ ಕಡೆ ಬನ್ರೀ!" ಎಂದು ಜೀಪಿನ ಪಕ್ಕದಿಂದ ಮೀಸೆಯವರೊಬ್ಬರು ಕೂಗಿದರು.

"ಒಂದೇ ಫೋಟೋ ಸಾರ್!"

ಮೇಲೆಲ್ಲೋ ಲಾರಿ ಗೇರು ಬದಲಿಸಿದಂಥ ಸದ್ದಾಯಿತು. ನೀರು ಕೆಂಪಗೆ ನುಗ್ಗಿ ಬಂತು. ಬಂಡೆಗೂ ದಡಕ್ಕೂ ನಡುವೆ ಅವರು ದಾಟಿಹೋಗಿದ್ದ ಕಲ್ಲುಗಳು ಮುಳುಗಿದವು, ಭಾವನ ಪಾದವೂ ಮುಳುಗಿತು. ಹಗ್ಗ, ಜಾಕೆಟ್ ಎಲ್ಲ ಜಲಾಶಯದ ಏರಿಯ ಹತ್ತಿರವಿದ್ದ ಇನ್ನೊಂದು ತಂಡದ ಬಳಿ ಇದ್ದವು. ಮೀಸೆಯವರು ವೈರ್‌ಲೆಸ್ ಎತ್ತಿದರು. ಅದರೊಳಗಿಂದ ಅತ್ತೆ ಮಾತಾಡಿದರು.

"ಮೂಳೆ ಕಡಿಮೆ ಹಾಕ್ರೋ, ಬೀಗರ ಎಲೆ ಅದು!"

"ಯಾರ್ರೀ ಇದು ನಮ್ ಚಾನೆಲ್ಲಲ್ಲಿ?" ಅವರು ಗುಂಡಿ ಒತ್ತಿ ಒತ್ತಿ ನೋಡಿದರು. ಹತ್ತಿರದ ಅತ್ತೆಯ ಸೆಟ್ಟಿನ ಮುಂದೆ ಅವರ ದನಿ ಏರಿಯ ತಂಡಕ್ಕೆ ತಲುಪಲೇ ಇಲ್ಲ. ಬೇರೆ ಚಾನೆಲ್‌ಗೆ ಹೋಗೋಣವೆಂದರೆ ಆ ತಂಡ ಕಾಯುತ್ತಿದ್ದದ್ದು ಇದರಲ್ಲೇ.

"ಅಳಿಯಂದ್ರಿಗೆ ಲಿವರ್ ಎತ್ತಿಡ್ರೋ. ಯಾರಾದ್ರೂ ಮುಟ್ಟೀರಾ!"

ಅಳಿಯಂದಿರು ಮೊಣಕಾಲುದ್ದ ನೀರಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದರು.

ನಾನು ತೋಟಕ್ಕೆ ಓಡಿದೆ. "ಯಾಕ್ಲಾ, ನಾಯಿ ಅಟ್ಟಿಸ್ಕಂಡ್ ಬಂದಂಗೆ ಬತ್ತಿದೀಯ?" ಎನ್ನುತ್ತಿದ್ದ ಅತ್ತೆಯ ಸೊಂಟದಿಂದ ಸೆಟ್ಟು ಕಿತ್ತುಕೊಂಡು ರಬ್ಬರ್ ಬ್ಯಾಂಡ್ ಎಳೆದು ಬಿಸಾಕಿದೆ. ತಕ್ಷಣ ಅದರಿಂದ ಮೀಸೆಯವರ ದನಿ ಬಂತು: "...ಹಗ್ಗ ತಗಂಡ್ ಬನ್ನಿ, ಬಂಡೆ ಮೇಲೊಬ್ಬ ಸಿಕ್ಕಾಕ್ಕಂಡವ್ನೆ, ಬೇಗ!"

"ಬಂಡೆ ಮೇಲೆ ಯಾರ್ಲಾ?"

"ಭಾವ."

ಹಿಟ್ಟಿನ ಕೈಯಲ್ಲೇ ಅತ್ತೆ ನನಗಿಂತ ಮುಂದೆ ಓಡಿದರು. ನಾವು ದಡ ಮುಟ್ಟಿದಾಗ ಆ ತಂಡ ಹಗ್ಗ ಎಸೆಯುತ್ತಿತ್ತು. ಮೊದಲನೆಯದು ಕೈತಪ್ಪಿತು. ಎರಡನೆಯದನ್ನು ಭಾವ ಸೊಂಟಕ್ಕೆ ಸುತ್ತಿಕೊಂಡರು. ಎಳೆಯುವಾಗ ಒಮ್ಮೆ ತಲೆ ಕಾಣದಾಯಿತು. ಈಗಲೂ ಸ್ನಾನಕ್ಕೆ ತಲೆಯ ಮೇಲೆ ನೀರು ಸುರಿದುಕೊಂಡಾಗ ಆ ಕ್ಷಣ ಬಂದು ನಿಲ್ಲುತ್ತದೆ. ಆಮೇಲೆ ತಲೆ ಮತ್ತೆ ಕಾಣಿಸುತ್ತದೆ, ಚೊಂಬು ಕೆಳಗಿಡುತ್ತೇನೆ.

ಆಮೇಲೆ ನಾನು ಓದಿಕೊಂಡೆ. ಪೊಲೀಸರಿಗೆ, ಅಗ್ನಿಶಾಮಕರಿಗೆ, ಮೊಬೈಲಿಗೆ, ನಮ್ಮನಿಮ್ಮಂಥವರ ಆಟದ ಸೆಟ್ಟಿಗೆ, ಎಲ್ಲಕ್ಕೂ ಸರ್ಕಾರ ಬೇರೆಬೇರೆ ತರಂಗಾಂತರ ಹಂಚಿದೆ. ಆ ಚಾನೆಲ್ ಸುಮ್ಮನಿದ್ದದ್ದು ಯಾರೂ ಇಲ್ಲವೆಂದಲ್ಲ. ಯಾರಾದರೂ ಕೂಗಿದರೆ ಕೇಳಿಸಲೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಅವತ್ತು ಗುಬ್ಬಿಯ ಚಿಕ್ಕಪ್ಪನ ಮಗ ಎರಡೂ ಸೆಟ್ಟಿನ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡು, ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡ.

ಸಂಜೆ ಪಾಳಿ ಮುಗಿಸಿ ತೋಟಕ್ಕೆ ಬಂದ ಮೀಸೆಯವರನ್ನು ಅತ್ತೆ ಒತ್ತಾಯ ಮಾಡಿ ಎಲೆಯ ಮುಂದೆ ಕೂರಿಸಿದರು. "ನಾನ್ ಆಡಿದ್ದೆಲ್ಲಾ ಕೇಳ್ತಿತ್ತಾ ಸ್ವಾಮಿ?"

"ಕೇಳ್ತಿತ್ತು ತಾಯಿ. ಲಿವರ್ ಯಾರ್ಗೆ ಎತ್ತಿಟ್ರಿ ಅನ್ನೋದೂ ಗೊತ್ತು."

ಪಕ್ಕದ ಎಲೆಯಲ್ಲಿ, ಅತ್ತೆಯ ಗಂಡನ ಪಂಚೆ ಉಟ್ಟ ಭಾವ ತುತ್ತು ಎತ್ತಲಾಗದೆ ಕೂತಿದ್ದರು. ಯಾವತ್ತೂ ಸುಮ್ಮನಿರದ ಅತ್ತೆ ಒಂದು ಮಾತೂ ಆಡದೆ ಅವರೆದುರು ಕೂತು, ಲಿವರಿನ ಚೂರನ್ನು ಮುದ್ದೆಗೆ ಒತ್ತಿ ಅವರ ಬಾಯಿಗಿಟ್ಟರು.