ಅಜ್ಜಿಯ ಪಾಲಿನ ತಲೆನೋವು

ಆ ಮನೆಯ ತಲೆನೋವೆಲ್ಲ ಅಜ್ಜಿಯ ಸ್ವಂತ ಆಸ್ತಿಯಾಗಿತ್ತು. ಹಣೆಗೆ ಬಿಗಿದ ಬಟ್ಟೆಯೇ ಕಿರೀಟ, ಅವಳು 'ಅಯ್ಯೋ' ಎಂದರೆ ಗೋಡೆಯ ಗಡಿಯಾರವೂ ಸದ್ದು ಮಾಡಲು ಹೆದರುತ್ತಿತ್ತು. ಮೊಮ್ಮಗಳಿಗೂ ಮೇಲಿಂದ ಮೇಲೆ ತಲೆ ನೋಯತೊಡಗಿದ್ದೇ ತಡ, ಅಜ್ಜಿಯ ಹೊಟ್ಟೆಯಲ್ಲಿ ಉರಿ ಎದ್ದಿತು. ಈಗ ಪರದೆ ಎಳೆಯುವುದು ಮೊಮ್ಮಗಳ ಕೋಣೆಗೆ, ಒದ್ದೆ ಬಟ್ಟೆ ಮೊಮ್ಮಗಳ ಹಣೆಗೆ. 'ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗ್ಲಿ, ನೀರು ಚೆನ್ನಾಗಿ ಕುಡೀಲಿ, ಮೊಬೈಲ್ ಕಡಿಮೆ ಮಾಡಿ' ಎಂದು ಡಾಕ್ಟರು ಮಗುವಿನ ಬಗ್ಗೆ ಸೊಸೆಗೆ ಹೇಳಿ ಕಳಿಸಿದರೆ, ಅಜ್ಜಿಯೂ ಹಟಕ್ಕೆ ಬಿದ್ದು ಲೋಟಗಟ್ಟಲೆ ನೀರು ಕುಡಿದಳು. 'ಅವಳದೂ ಒಂದು ತಲೆನೋವಾ? ನಂದರ ಮುಂದೆ ಅದಿನ್ನೂ ಕೂಸು!' ಎಂದು ಸೊಸೆಯೆದುರು ಮೂತಿ ತಿರುವುವಳು. 'ಮನೇಲಿ ಬೇರೆ ಯಾರಿಗಾದ್ರೂ ಇದೆಯಾ ಅಂತ ಡಾಕ್ಟ್ರು ಕೇಳಿದ್ರು ಅತ್ತೆ, ನಿಮ್ಮನ್ನೇ ಹೇಳ್ದೆ' ಎಂದು ಸೊಸೆ ತಿಳಿಸಿದ ದಿನ ಮಾತ್ರ ಸಂಜೆಯವರೆಗೂ ಬೀಗಿದಳು. ಒಂದು ಮಧ್ಯಾಹ್ನ ಹುಡುಗಿ ಶಾಲೆಯಿಂದ ಬೇಗ ಬಂದು ಮುದುರಿ ಮಲಗಿದಳು. ಸೊಸೆ ಪಕ್ಕದಲ್ಲಿ ಕೂತು, 'ಎಲ್ಲಿ ನೋಯ್ತಿದೆ ಪುಟ್ಟಿ, ತೋರಿಸು' ಎಂದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕೈ ತನ್ನ ಹಣೆಯ ಬಟ್ಟೆಯ ಮೇಲೆ ಹಾಗೇ ನಿಂತಿತು. ಆ ವಯಸ್ಸಿನಲ್ಲಿ ಅಜ್ಜಿಯ ತಲೆ ಸಿಡಿದಾಗಲೆಲ್ಲ ಅವಳಮ್ಮ ಕೇಳುತ್ತಿದ್ದುದು ಒಂದೇ ಮಾತು: 'ಇವತ್ತೇನೇ ನಿನ್ನ ನಾಟಕ?'